ರೆವಿಟ್‌ನಲ್ಲಿ ಸುರಂಗದ ರಿಂಗ್‌ಗಳು ಒಡೆದು ಕಾಣುವ ಸಮಸ್ಯೆಗೆ ಪ್ರತಿಕ್ರಿಯೆ

ಬೆಂಗಳೂರಿನ ಸುರಂಗದ ಅಲೈನ್‌ಮೆಂಟ್ (ಸುರಂಗ ಸಾಗುವ ಗೆರೆಯ) ಡ್ರಾಯಿಂಗ್ 3ಡಿ ಮಾಡೆಲಿಂಗ್ ಸಾಫ್ಟ್‌ವೇರ್ ಆದ ರೆವಿಟ್‌ಗೆ ತಂದ ಮೇಲೆ ರಿಂಗ್‌ಗಳ (ಸುರಂಗದ ಒಳಗೋಡೆಯ ಬಳೆಗಳ) ಅಂಚು ಒಡೆದಂತೆ ಕಾಣುತ್ತದೆ ಅಂದಿರಲ್ಲ, ಕಾರಣ ಬಹುಶಃ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಸ್ಥಳವನ್ನು ಮೀಟರ್‌ನಲ್ಲಿ ಹೇಳುವ ನಕ್ಷೆ ಪದ್ಧತಿ) ಕೋಆರ್ಡಿನೇಟ್. ಇಲ್ಲಿ ನಾರ್ದಿಂಗೇ (ಸಮಭಾಜಕದಿಂದ ಉತ್ತರಕ್ಕಿರುವ ದೂರ) 14 ಲಕ್ಷ ಮೀಟರ್ ದಾಟುತ್ತದೆ. ತನ್ನ ಒಳಗಿನ ಮೂಲಬಿಂದುವಿನಿಂದ ಸುಮಾರು 16 ಕಿ.ಮೀ. ಆಚೆ ರೆವಿಟ್ ತಡವರಿಸುತ್ತದೆ.

ಹೊಸ ಫೈಲ್ ತೆರೆದು ಡ್ರಾಯಿಂಗನ್ನು 'ಸೆಂಟರ್ ಟು ಸೆಂಟರ್' ಲಿಂಕ್ ಮಾಡಿ. ಡ್ರಾಯಿಂಗ್ ಸರಿಸಿ, ಶಾಫ್ಟ್ (ಸುರಂಗಕ್ಕೆ ಇಳಿಯುವ ಬಾವಿ) ಹತ್ತಿರದ ಒಂದು ಸರ್ವೆ ಬಿಂದುವನ್ನು ಆ ಮೂಲಬಿಂದುವಿಗೆ ಕೂರಿಸಿ. ಆಮೇಲೆ 'ಅಕ್ವೈರ್ ಕೋಆರ್ಡಿನೇಟ್ಸ್' (ಡ್ರಾಯಿಂಗ್‌ನ ಕೋಆರ್ಡಿನೇಟ್‌ಗಳನ್ನು ರೆವಿಟ್ ಫೈಲಿಗೆ ಪಡೆಯುವ ಆಯ್ಕೆ) ಒತ್ತಿ. ಈ ಕ್ರಮ ತಪ್ಪಿಸಬೇಡಿ. ಉಳಿದ ಫೈಲ್‌ಗಳನ್ನೆಲ್ಲ 'ಶೇರ್ಡ್ ಕೋಆರ್ಡಿನೇಟ್ಸ್' ಮೂಲಕವೇ ತನ್ನಿ.

ರಿಂಗ್ ಎಣಿಕೆ ಸೈಟಿಗೆ ಹೊಂದುತ್ತಿಲ್ಲ ಅಂದಿದ್ದು ಬೇರೆ ಕಥೆ ಇರಬಹುದು. ಬೆಂಗಳೂರಲ್ಲಿ ಯುಟಿಎಂ ದೂರ ನೆಲದ ದೂರಕ್ಕಿಂತ ಕಿಲೋಮೀಟರಿಗೆ ಸುಮಾರು 45 ಸೆಂ.ಮೀ. ಜಾಸ್ತಿ. ಸರ್ವೆ ಲೋಕಲ್ ಗ್ರಿಡ್‌ನಲ್ಲಿದ್ದರೆ (ನೆಲದ ದೂರವನ್ನೇ ಹಿಡಿಯುವ ಸೈಟಿನ ಸ್ವಂತ ಗ್ರಿಡ್) ಈ ತಲೆನೋವಿಲ್ಲ. ಮಾಡೆಲ್ ಮುಟ್ಟುವ ಮುಂಚೆ ಸರ್ವೇಯರ್ ಹತ್ತಿರ ಸ್ಕೇಲ್ ಫ್ಯಾಕ್ಟರ್ (ಗ್ರಿಡ್ ದೂರಕ್ಕೂ ನೆಲದ ದೂರಕ್ಕೂ ಇರುವ ಅನುಪಾತ) ಕೇಳಿ ಬರೆದುಕೊಳ್ಳಿ.