ಭುಜ ಕೂತರೆ ಕೋಟು ಕೂತಂತೆ

ದೀಪಾವಳಿ ಮುಗಿಯುತ್ತಿದ್ದಂತೆ ಕೋಟು, ಜಾಕೆಟ್‌ಗಳ ಬಗ್ಗೆ ಪತ್ರಗಳು ಬರಲು ಶುರುವಾಗುತ್ತವೆ. ಈ ಸಲ ಜಾಸ್ತಿ ಬಂದಿರುವುದು ಊರು ಬಿಟ್ಟು ದೂರ ಹೊರಟವರ ಪತ್ರಗಳು. ಹುಬ್ಬಳ್ಳಿಯಲ್ಲಿ ನಮ್ಮದು ಅಪ್ಪನ ಕಾಲದಿಂದ ನಡೆದು ಬಂದ ಕೋಟು ಹೊಲಿಯುವ ಅಂಗಡಿ. ಗಂಡಸರ ಕೋಟು ಅಪ್ಪ ಕಲಿಸಿದ್ದು. ಹೆಂಗಸರ ಕೋಟು ನಾನೇ ಹೊಲಿದು, ಬಿಚ್ಚಿ, ಮತ್ತೆ ಹೊಲಿದು ಕಲಿತದ್ದು. ಆ ಅನುಭವದಿಂದಲೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಮಗಳ ಬಾಣಂತನಕ್ಕೆ ನವೆಂಬರ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಗೆ ಹೊರಟಿದ್ದೇನೆ. ಏಪ್ರಿಲ್‌ವರೆಗೂ ಅಲ್ಲೇ. "ಪ್ಯಾಂಟ್ ಹಾಕ್ಕೊಳ್ಳಮ್ಮ" ಅಂತ ಮಗಳು ಹೇಳುತ್ತಾಳೆ. ನನಗೆ ಸೀರೆ ಬಿಡಲು ಮನಸ್ಸಿಲ್ಲ. ಸೀರೆಯ ಮೇಲೆ ಚೆನ್ನಾಗಿ ಕಾಣುವ ಕೋಟು ಇದೆಯಾ ಮೇಡಂ?
– ಗೃಹಿಣಿ, ರಾಣೆಬೆನ್ನೂರು

ಇದೆ. ನೀವು ಸೀರೆ ಬಿಡಬೇಕಾಗಿಲ್ಲ. ಆದರೆ ಅಂಗಡಿಯಲ್ಲಿ ತೂಗು ಹಾಕಿದ ಕೋಟುಗಳೆಲ್ಲ ಪ್ಯಾಂಟ್ ಹಾಕುವವರನ್ನು ನೆನೆದು ಕತ್ತರಿಸಿದವು. ಸೀರೆ ಉಟ್ಟವರಿಗೆ ಎರಡು ಕಡೆ ತೊಂದರೆ ಬರುತ್ತದೆ. ಒಂದು, ಹೊಟ್ಟೆಯ ಕೆಳಗೆ ನೆರಿಗೆ ಉಬ್ಬಿ ಗುಂಡಿಗಳು ಎಳೆಯುತ್ತವೆ. ಇನ್ನೊಂದು, ಎಡಭುಜದ ಮೇಲೆ ಸೆರಗಿನ ಮಡಿಕೆ ಕೂತು ಕೋಟಿನ ಒಂದು ಭುಜ ಎತ್ತರ, ಒಂದು ಭುಜ ತಗ್ಗು ಕಾಣುತ್ತದೆ.

ಅದಕ್ಕೇ ನಿಮಗೆ ರ‍್ಯಾಗ್ಲನ್ ತೋಳಿನ ಕೋಟು ಬೇಕು. ಇದರಲ್ಲಿ ತೋಳಿನ ಹೊಲಿಗೆ ಭುಜದ ತುದಿಯಲ್ಲಿ ಇರುವುದಿಲ್ಲ. ಕಾಲರಿನ ಬುಡದಿಂದ ಓರೆಯಾಗಿ ಕಂಕುಳಿಗೆ ಇಳಿಯುತ್ತದೆ. ಒಳಗೆ ಸೆರಗು, ಸ್ವೆಟರ್ ಏನಿದ್ದರೂ ಹೊರಗೆ ಇಳಿಜಾರು ಒಂದೇ ಸಮ ಕಾಣುತ್ತದೆ. ಉದ್ದ ಮಂಡಿಗಿಂತ ಒಂದು ಗೇಣು ಕೆಳಗಿರಲಿ. ಸೊಂಟದಿಂದ ಕೆಳಗೆ ಸ್ವಲ್ಪ ಅಗಲವಾಗುತ್ತಾ ಹೋಗಲಿ. ಬೆಲ್ಟ್ ಬೇಡ, ನೆರಿಗೆಯ ಮೇಲೆ ಬೆಲ್ಟ್ ಬಿಗಿದರೆ ಸೊಂಟ ಗಂಟು ಗಂಟಾಗಿ ಕಾಣುತ್ತದೆ. ಎರಡು ಸಾಲು ಗುಂಡಿಯ ಕೋಟೂ ಬೇಡ. ಜಿಪ್ ಇದ್ದರೆ ಕೆಳಗಿನಿಂದಲೂ ತೆರೆಯುವ ಜಿಪ್ ಕೇಳಿ. ಕಾರಿನಲ್ಲಿ ಕೂರುವಾಗ ಕೆಳಗಿನಿಂದ ಒಂದು ಗೇಣು ಬಿಚ್ಚಿಕೊಂಡರೆ ನೆರಿಗೆ ಮುದುಡುವುದಿಲ್ಲ.

ಹೊರಗೆ ಹೋಗುವಾಗ ಸೆರಗನ್ನು ಮಡಿಕೆ ಮಾಡಿ ಪಿನ್ ಹಾಕಬೇಡಿ. ಬಿಡಿಸಿ, ಬೆನ್ನಿನಿಂದ ತಂದು ಬಲಗಡೆ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಕೋಟು ಹಾಕಿ. ಭುಜದ ಮೇಲಿನ ದಪ್ಪವೂ ಕಡಿಮೆಯಾಗುತ್ತದೆ, ಬೆನ್ನಿಗೆ ಇನ್ನೊಂದು ಪದರವೂ ಸಿಗುತ್ತದೆ. ಸೆರಗು ಕೋಟಿನ ಕೆಳಗೆ ಇಣುಕಬಾರದು. ಕಾರಿನ ಬಾಗಿಲಿಗೆ ಸಿಕ್ಕಿದರೆ ಅಪಾಯ.

ಚಳಿ ಹತ್ತುವುದು ಕೆಳಗಿನಿಂದ. ಲಂಗದ ಒಳಗೆ ಉಣ್ಣೆಯ ಥರ್ಮಲ್ ಪ್ಯಾಂಟ್, ಕಾಲಿಗೆ ಉಣ್ಣೆಯ ಸಾಕ್ಸ್, ಹಿಡಿತ ಇರುವ ಬೂಟು ಇರಲೇಬೇಕು. ಸೀರೆಯನ್ನು ಎಂದಿಗಿಂತ ಎರಡು ಇಂಚು ಮೇಲೆ ಉಡಿ. ಅಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಅಂಚಿಗೆ ತಗುಲಿದರೆ ಒಣಗಿದ ಮೇಲೆ ಬಿಳಿ ಗೆರೆ ಉಳಿಯುತ್ತದೆ, ಜರಿಯೂ ಹಾಳು. ಮೈಸೂರು ಸಿಲ್ಕ್ ಮನೆಯೊಳಗಿನ ಪೂಜೆಗೆ, ನಾಮಕರಣಕ್ಕೆ ಇರಲಿ.

ಥರ್ಮಲ್, ಸಾಕ್ಸ್ ಇಲ್ಲಿಂದಲೇ ಒಯ್ಯಿರಿ. ದಪ್ಪ ಕೋಟು ಅಲ್ಲೇ ಕೊಳ್ಳಿ. ನವೆಂಬರ್ ಕೊನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ದೊಡ್ಡ ರಿಯಾಯಿತಿ ಇರುತ್ತದೆ. ಸೀರೆ, ಸ್ವೆಟರ್ ಎರಡೂ ಹಾಕಿಕೊಂಡೇ ಅಂಗಡಿಗೆ ಹೋಗಿ. ಕೋಟು ಹಾಕಿ ಗುಂಡಿ ಪೂರ್ತಿ ಮುಚ್ಚಿ, ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ತೋಳು ಮುಂದೆ ಚಾಚಿ. ಬೆನ್ನು ಬಿಗಿಯದಿದ್ದರೆ ಅದೇ ನಿಮ್ಮ ಅಳತೆ. ಬಣ್ಣಕ್ಕೆ ಕಪ್ಪೊಂದೇ ಅಲ್ಲ. ಕುಂಕುಮಗೆಂಪು, ಬಾಟಲ್ ಹಸಿರು, ಒಂಟೆ ಬಣ್ಣ, ಇವು ಮೂರೂ ನಮ್ಮ ಮೈಬಣ್ಣಕ್ಕೂ ನಮ್ಮ ಸೀರೆಗಳಿಗೂ ಬಹಳ ಚಂದ ಒಪ್ಪುತ್ತವೆ. ಹೆಣ್ಣೋ ಗಂಡೋ, ತಾಯಿ ಮಗು ಸುಖವಾಗಿರಲಿ.

ಪ್ರಶ್ನೆ: ನಾನೂ ನನ್ನ ಹೆಂಡತಿಯೂ ಬ್ಯಾಂಕ್ ನೌಕರರು. ದೆಹಲಿಗೆ ವರ್ಗವಾಗಿದೆ. ಮದುವೆಗೆ ಕೊಟ್ಟ ಸೂಟ್ ಬಟ್ಟೆ ಇದೆ, "ಸೂಪರ್ 120" ಅಂತ ಅಂಚಿನಲ್ಲಿ ಬರೆದಿದೆ. ಇದರಲ್ಲೇ ಓವರ್‌ಕೋಟ್ ಹೊಲಿಸಬಹುದಾ?
– ಓದುಗರು, ಶಿವಮೊಗ್ಗ

ಬೇಡ. ನಂಬರ್ ದೊಡ್ಡದಿದ್ದರೆ ಬಟ್ಟೆ ಬೆಚ್ಚಗೆ ಅಂತ ಬಹಳ ಜನ ತಿಳಿದಿದ್ದಾರೆ. ಆ ನಂಬರ್ ಉಣ್ಣೆಯ ಎಳೆ ಎಷ್ಟು ಸಣ್ಣ ಅನ್ನುವುದಕ್ಕೆ. 120 ಅಂದರೆ ನಯವಾದ ಎಳೆ, ತೆಳು ಬಟ್ಟೆ. ಒಳ್ಳೇ ಸೂಟ್ ಆಗುತ್ತದೆ, ಸೂಟೇ ಹೊಲಿಸಿ. ಸೂಟಿನ ಬಟ್ಟೆ ಚದರ ಮೀಟರಿಗೆ ಸುಮಾರು 250 ಗ್ರಾಂ ತೂಗಿದರೆ ಓವರ್‌ಕೋಟಿನದು 500ರ ಆಸುಪಾಸು ಇರಬೇಕು. ಅಂಗಡಿಯಲ್ಲಿ "ಮೆಲ್ಟನ್" ಅಂತ ಕೇಳಿ. ನೇಯ್ದ ಉಣ್ಣೆಬಟ್ಟೆಯನ್ನು ಬಿಸಿನೀರಿನಲ್ಲಿ ಕುಗ್ಗಿಸಿ, ಎಳೆಗಳು ಕಾಣದಷ್ಟು ಒತ್ತಾಗಿಸಿದ ಬಟ್ಟೆ ಅದು. ಗಾಳಿ ನುಗ್ಗುವುದು ಕಷ್ಟ. ರೆಡಿಮೇಡ್ ಆದರೆ ಒಳಗಿನ ಲೇಬಲ್ ಓದಿ. ಉಣ್ಣೆ ನೂರಕ್ಕೆ 70ಕ್ಕಿಂತ ಕಡಿಮೆ ಇದ್ದರೆ ಆ ಬೆಲೆ ಕೊಡಬೇಡಿ.

ದೆಹಲಿಯ ಚಳಿಗೆ ಒಂದು ಗುಣ ಇದೆ, ಗಮನಿಸಿ. ಜನವರಿಯಲ್ಲಿ ಬೆಳಗಿನ ಜಾವ 5–6 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕೂ ಕೆಳಗೆ. ಹೊರದೇಶಗಳ ಹಾಗೆ ಅಲ್ಲಿ ಇಡೀ ಮನೆಯನ್ನು ಬಿಸಿ ಮಾಡುವ ವ್ಯವಸ್ಥೆ ಇಲ್ಲ. ಮನೆ, ಆಫೀಸು, ಮದುವೆಯ ಲಾನು ಎಲ್ಲಾ ಕಡೆಯೂ ಚಳಿಯೇ. ಹಾಗಾಗಿ ಒಂದೇ ಭಾರಿ ಕೋಟಿಗಿಂತ ಒಳಗಿನ ಪದರಗಳಿಗೆ ಹಣ ಹಾಕಿ. ಗಂಡಸರಿಗೆ ಉಣ್ಣೆಯ ನೆಹರೂ ಜಾಕೆಟ್, ಅದರ ಮೇಲೆ ಮಂಡಿಯವರೆಗಿನ ನೇವಿ ಬ್ಲೂ ಕೋಟು. ನಿಮ್ಮ ಮನೆಯವರಿಗೆ ಸಲ್ವಾರ್ ಮೇಲಾದರೂ ಪ್ಯಾಂಟ್ ಮೇಲಾದರೂ ಒಪ್ಪುವ ಒಂಟೆ ಬಣ್ಣದ ಉದ್ದ ಕೋಟು. ಹೆಂಗಸರ ಕೋಟು ಕೊಳ್ಳುವಾಗ ಜೇಬಿಗೆ ಕೈ ಹಾಕಿ ನೋಡಿ. ಎಷ್ಟೋ ಕೋಟುಗಳಲ್ಲಿ ಜೇಬಿನ ಬಾಯಿ ಮಾತ್ರ ಇರುತ್ತದೆ, ಚೀಲವೇ ಇರುವುದಿಲ್ಲ. ಚಳಿಯ ಊರಿನಲ್ಲಿ ಕೈ ಇಡಲು ಜಾಗ ಇಲ್ಲದ ಕೋಟು ಎಷ್ಟು ಚಂದ ಇದ್ದರೇನು?

ಓವರ್‌ಕೋಟಿನ ತೋಳು ಒಳಗಿನ ಸೂಟಿನ ತೋಳಿಗಿಂತ ಅರ್ಧ ಇಂಚಾದರೂ ಉದ್ದ ಇರಬೇಕು. ಹೊಸ ಕೋಟಿನ ಬೆನ್ನ ಸೀಳಿಗೆ ಗುಣಾಕಾರದ ಗುರುತಿನಂತೆ ದಾರ ಹಾಕಿರುತ್ತಾರೆ, ತೋಳಿಗೆ ಕಂಪನಿಯ ಪಟ್ಟಿ ಹೊಲಿದಿರುತ್ತಾರೆ. ಎರಡನ್ನೂ ಬಿಚ್ಚಿ. ಸಾಗಿಸುವಾಗ ಕೆಡದಿರಲಿ, ಗುರುತು ಸಿಗಲಿ ಅಂತ ಹಾಕಿದ್ದು ಅವು.

ಪ್ರಶ್ನೆ: ಅಪ್ಪ ತೀರಿಕೊಂಡು ವರ್ಷವಾಯಿತು. ಅವರ ಟ್ವೀಡ್ ಕೋಟು ಬೀರುವಿನಲ್ಲಿದೆ. ನಾನೇ ಹಾಕಿಕೊಳ್ಳಬೇಕು ಅಂತ ಆಸೆ. ನನಗೆ 26 ವರ್ಷ, ಅಪ್ಪನಿಗಿಂತ ಸಣ್ಣ ಮೈ. ಒಂದೆರಡು ಕಡೆ ಹುಳು ತಿಂದಿದೆ. ದರ್ಜಿಗಳು "ಆಗಲ್ಲ" ಅಂತಾರೆ.
– ಓದುಗಿ, ಧಾರವಾಡ

ನಿಮ್ಮ ಪತ್ರವನ್ನು ಅಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಆಗುತ್ತದೆಯಮ್ಮ. ಎಲ್ಲಿ ಕೈ ಹಚ್ಚಬೇಕು, ಎಲ್ಲಿ ಹಚ್ಚಬಾರದು ಅನ್ನುವುದಷ್ಟೇ ಗೊತ್ತಿರಬೇಕು.

ಭುಜ ಮುಟ್ಟಬೇಡಿ. ಕೋಟಿನ ಒಳಗೆ, ಎದೆಯ ಭಾಗದಲ್ಲಿ ಕ್ಯಾನ್ವಾಸ್ ಇರುತ್ತದೆ, ಭುಜದಲ್ಲಿ ಪ್ಯಾಡ್ ಇರುತ್ತದೆ, ತೋಳಿನ ತಲೆಗೆ ಹತ್ತಿ ಇರುತ್ತದೆ. ಭುಜ ಚಿಕ್ಕದು ಮಾಡಲು ಇದನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಬೇಕು. ಆಮೇಲೆ ಅದು ಅಪ್ಪನ ಕೋಟಾಗಿ ಉಳಿಯುವುದಿಲ್ಲ. ನಿಮ್ಮ ಭುಜದ ಮೂಳೆಗಿಂತ ಒಂದೂವರೆ ಇಂಚು ಹೊರಗೆ ಹೊಲಿಗೆ ಇಳಿದಿದ್ದರೂ ಚಿಂತೆ ಇಲ್ಲ. ಈಗಿನ ಹುಡುಗಿಯರು ಬೇಕೆಂದೇ ದೊಡ್ಡ ಭುಜದ ಕೋಟು ಹಾಕುತ್ತಾರೆ. ಪ್ಯಾಡ್ ಮಾತ್ರ ತೆಗೆಸಿ, ತೆಳುವಾದದ್ದು ಹಾಕಿಸಿ. ಭುಜ ತಾನೇ ಇಳಿದು ಕೂರುತ್ತದೆ.

ಬೆನ್ನಿನ ನಡುಹೊಲಿಗೆಯಲ್ಲಿ ಸ್ವಲ್ಪ, ಎರಡು ಪಕ್ಕದಲ್ಲಿ ಸ್ವಲ್ಪ ಹಿಡಿಸಿದರೆ ಸೊಂಟ ಸರಿಯಾಗುತ್ತದೆ. ಒಳಗೆ ಬಂದ ಬಟ್ಟೆಯನ್ನು ಕತ್ತರಿಸಲು ಬಿಡಬೇಡಿ, ಮಾರ್ಜಿನ್ ಹಾಗೇ ಇರಲಿ. ಮುಂದೆ ಬಿಡಿಸಬೇಕಾದರೆ ಬೇಕಾಗುತ್ತದೆ. ತೋಳು ಉದ್ದವಿದ್ದರೆ ಅಸ್ತರ್ ಕಾಣುವ ಹಾಗೆ ಒಂದು ಮಡಿಕೆ ಹೊರಗೆ ಮಡಚಿ, ಬಹಳ ಲಕ್ಷಣವಾಗಿ ಕಾಣುತ್ತದೆ. ಗಂಡಸರ ಕೋಟಿನಲ್ಲಿ ಗುಂಡಿ ಬಲಗಡೆ, ಹೆಂಗಸರದ್ದರಲ್ಲಿ ಎಡಗಡೆ. ಅದನ್ನು ಬದಲಿಸಲು ಹೋಗಬೇಡಿ.

ಹುಳು ತಿಂದ ಕಡೆ ತೇಪೆ ಬೇಡ, ರಫು ಮಾಡಿಸಿ. ಒಳ್ಳೇ ರಫುಗಾರರು ಬೇರೆ ದಾರ ತರುವುದಿಲ್ಲ. ಅದೇ ಕೋಟಿನ ಕೆಳ ಅಂಚಿನ ಒಳಮಡಿಕೆಯಿಂದ ಒಂದೊಂದೇ ಎಳೆ ಬಿಡಿಸಿಕೊಂಡು, ತೂತಿನ ಮೇಲೆ ಅಡ್ಡ ಉದ್ದ ನೇಯುತ್ತಾರೆ. ಬಣ್ಣವೂ ಅದೇ, ಹಳತಾದ ಹದವೂ ಅದೇ. ಬೆರಳಾಡಿಸಿದರೆ ಮಾತ್ರ ಗೊತ್ತಾಗುತ್ತದೆ. ಟ್ವೀಡ್‌ನಂಥ ಒರಟು ಬಟ್ಟೆಯಲ್ಲಿ ರಫು ಚೆನ್ನಾಗಿ ಮುಚ್ಚಿಕೊಳ್ಳುತ್ತದೆ. ರಫುವಿಗೆ ಮುಂಚೆ ಡ್ರೈ ಕ್ಲೀನ್ ಮಾಡಿಸುವುದು ಮರೆಯಬೇಡಿ. ಕಣ್ಣಿಗೆ ಕಾಣದ ಮೊಟ್ಟೆ ಉಳಿದಿದ್ದರೆ ಹುಳು ಮತ್ತೆ ತಿನ್ನುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಕಾಲೇಜು. ಬೆಳಿಗ್ಗೆ ಆರೂವರೆಗೆ ಸ್ಕೂಟರ್‌ನಲ್ಲಿ ಹೊರಡುತ್ತೇನೆ. 3000 ರೂಪಾಯಿ ಇದೆ. ಲೆದರ್ ಜಾಕೆಟ್ ತರಹದ್ದು ಬೇಕು.
– ವಿದ್ಯಾರ್ಥಿ, ತುಮಕೂರು

ಆ ಹಣಕ್ಕೆ ಸಿಗುವುದು ತೊಗಲಲ್ಲ ತಮ್ಮಾ, ಬಟ್ಟೆಯ ಮೇಲೆ ಪಾಲಿಯುರಿಥೇನ್ ಅನ್ನುವ ಪ್ಲಾಸ್ಟಿಕ್ ಪದರ ಬಳಿದದ್ದು. ಬೆವರು, ತೇವ ತಗುಲಿ ಎರಡು ಮೂರು ವರ್ಷದಲ್ಲಿ ಕಾಲರ್, ಮೊಣಕೈ ಹತ್ತಿರ ಹೆಕ್ಕಳಿಕೆ ಏಳುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಈಗ ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಸಾಮಾನ್ಯವಾಗಿ 15ರ ಹತ್ತಿರ ಇರುತ್ತದೆ. ನಿಮ್ಮನ್ನು ನಡುಗಿಸುವುದು ಸ್ಕೂಟರ್ ಮೇಲಿನ ಗಾಳಿ. ಹಿಂದೆ ಸ್ಕೂಟರ್ ಓಡಿಸುವವರು ಶರ್ಟಿನೊಳಗೆ ಎದೆಗೆ ನ್ಯೂಸ್‌ಪೇಪರ್ ಮಡಚಿ ಇಟ್ಟುಕೊಳ್ಳುತ್ತಿದ್ದರು. ಎದೆಗೆ ಗಾಳಿ ತಡೆದರೆ ಅರ್ಧ ಚಳಿ ಹೋಯಿತು. ಒತ್ತಾಗಿ ನೇಯ್ದ ನೈಲಾನ್ ಅಥವಾ ದಪ್ಪ ಕಾಟನ್‌ನ ಬಾಂಬರ್ ಜಾಕೆಟ್ ತಗೊಳ್ಳಿ. ಮಣಿಕಟ್ಟಿಗೂ ಸೊಂಟಕ್ಕೂ ಹೆಣೆದ ಪಟ್ಟಿ ಇರುವುದರಿಂದ ಗಾಳಿ ಒಳಗೆ ನುಗ್ಗುವುದಿಲ್ಲ. ಆಲಿವ್ ಹಸಿರು ಒಳ್ಳೆಯದು, ಧೂಳೂ ಕಾಣುವುದಿಲ್ಲ. ಟ್ರಯಲ್ ನೋಡುವಾಗ ಹ್ಯಾಂಡಲ್ ಹಿಡಿದ ಹಾಗೆ ಕೈ ಚಾಚಿ ತೋಳಿನ ಉದ್ದ ನೋಡಿ. ನೇರ ನಿಂತಾಗ ಸರಿಯಿದ್ದ ತೋಳು ಗಾಡಿ ಮೇಲೆ ಎರಡು ಇಂಚು ಮೇಲೇರುತ್ತದೆ.

ಪ್ರಶ್ನೆ: ತಂಗಿ ಓದಲು ಟೊರಾಂಟೊಗೆ ಹೊರಟಿದ್ದಾಳೆ. ಪಫರ್ ಜಾಕೆಟ್ ಮೇಲೆ 650, 800 ಅಂತ ಇರುತ್ತಲ್ಲ, ಏನದು?
– ಓದುಗರು, ದಾವಣಗೆರೆ

ಒಳಗಿರುವ ಬಾತುಕೋಳಿ ತುಪ್ಪಳ ಎಷ್ಟು ಅರಳುತ್ತದೆ ಅನ್ನುವ ಲೆಕ್ಕ. ಒಂದು ಔನ್ಸ್ ತುಪ್ಪಳ ಎಷ್ಟು ಘನ ಇಂಚು ಜಾಗ ತುಂಬುತ್ತದೋ ಅದೇ ಆ ನಂಬರ್. 800 ಇದ್ದರೆ ಅಷ್ಟೇ ಬಿಸಿಗೆ ಕಡಿಮೆ ತೂಕ ಸಾಕು. ಆದರೆ ಒಳಗೆ ಎಷ್ಟು ತುಂಬಿದ್ದಾರೆ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ, ಅದನ್ನು ಬೇರೆ ಕೇಳಬೇಕು. ಅಮೆರಿಕದ ಎಡ್ಡಿ ಬಾಯರ್ 1940ರಲ್ಲಿ ಇಂಥ ಜಾಕೆಟ್‌ಗೆ ಪೇಟೆಂಟ್ ಪಡೆದರು. ಅಡ್ಡಡ್ಡ ಹೊಲಿಗೆ ಹಾಕುವುದು ಅಂದಕ್ಕಲ್ಲ, ತುಪ್ಪಳ ಕೆಳಗೆ ಜಾರಿ ಕೂರದಿರಲಿ ಅಂತ. ಗಿಡ್ಡ ಇರುವವರಿಗೆ ಹೊಲಿಗೆಗಳ ನಡುವೆ ಅಂತರ ಕಡಿಮೆ ಇರುವ ಜಾಕೆಟ್ ಒಪ್ಪುತ್ತದೆ. ಅಗಲ ಪಟ್ಟಿ ಮೈಯನ್ನು ಇನ್ನೂ ಅಗಲ ತೋರಿಸುತ್ತದೆ.

ಟೊರಾಂಟೊದಲ್ಲಿ ಮೈನಸ್ 20ರ ಹತ್ತಿರ ಹೋಗುವ ದಿನಗಳೂ ಇರುತ್ತವೆ. ತೊಡೆ ಮುಚ್ಚುವ, ಟೋಪಿ ಇರುವ, ನೀರು ಗಾಳಿ ಎರಡನ್ನೂ ತಡೆಯುವ ಜಾಕೆಟ್ ಬೇಕು. ತುಪ್ಪಳ ನೆನೆದರೆ ಮುದ್ದೆಯಾಗಿ ಬಿಸಿ ಹೋಗುತ್ತದೆ. ಅದನ್ನೂ ಅಲ್ಲೇ ಕೊಳ್ಳಲಿ. ಒಳಗೆ ಕಟ್ಟಡಗಳೆಲ್ಲ ಬೆಚ್ಚಗಿರುವುದರಿಂದ ಸುಲಭವಾಗಿ ಕಳಚುವ ಪದರಗಳು ಇರಲಿ. ಅಂದಹಾಗೆ, ಮನಾಲಿಗೆ ಒಂದು ದಿನ ಹಿಮ ನೋಡಲು ಹೋಗುವವರು ಇದನ್ನೆಲ್ಲ ಕೊಳ್ಳಬೇಕಾಗಿಲ್ಲ. ದಾರಿಯುದ್ದಕ್ಕೂ ಕೋಟು, ಬೂಟು ಬಾಡಿಗೆಗೆ ಕೊಡುವ ಅಂಗಡಿಗಳಿವೆ.

ಪ್ರಶ್ನೆ: ಚಳಿಗಾಲದಲ್ಲಿ ಟಿಬೆಟಿಯನ್ನರು ಮಾರುವ ಜಾಕೆಟ್, ಸ್ವೆಟರ್ ನಿಜವಾದ ಉಣ್ಣೆಯವೇ?
– ಶಿಕ್ಷಕಿ, ಬೀದರ್

ಅವರ ಮಾಲು ಬಹುತೇಕ ಬರುವುದು ಪಂಜಾಬಿನ ಲೂಧಿಯಾನದಿಂದ. ಉಣ್ಣೆಯದೂ ಇರುತ್ತದೆ, ಅಕ್ರಿಲಿಕ್ಕೂ ಇರುತ್ತದೆ, ಬೆಲೆಯೂ ಅದರಂತೆ. ಮನೆಗೆ ತಂದ ಮೇಲೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬೀದರ್‌ನಲ್ಲಿ ರಾತ್ರಿ ಚಳಿ, ಹಗಲು ಬಿಸಿಲು. ತೋಳಿಲ್ಲದ ಉಣ್ಣೆ ಜಾಕೆಟ್ ಸಾಕು. ನಮ್ಮ ಕುರಿ ಕಂಬಳಿಯಲ್ಲೂ ಹೊಲಿಸಬಹುದು. ಒರಟಾಗಿರುವುದರಿಂದ ಪೂರ್ತಿ ಕಾಟನ್ ಅಸ್ತರ್ ಕೊಡಿಸಿ, ಕಾಲರಿಗೂ.

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ತೆಗೆದರೆ ಲೆದರ್ ಜಾಕೆಟ್ ತುಂಬಾ ಬೂಷ್ಟು. ಜಿಪ್ಪೂ ಎಳೆಯಲು ಬರುತ್ತಿಲ್ಲ.
– ಓದುಗರು, ಸಾಗರ

ಮಲೆನಾಡಿನಲ್ಲಿ ಪ್ಲಾಸ್ಟಿಕ್ ಕವರ್ ಹಾಕಲೇಬಾರದು. ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಜಾಕೆಟ್ಟನ್ನು ಅಂಗಳಕ್ಕೆ ತಂದು ಒಣಬಟ್ಟೆಯಿಂದ ಬೂಷ್ಟು ಒರೆಸಿ. ವಿನೆಗರ್, ನೀರು ಸಮ ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಇನ್ನೊಮ್ಮೆ ಒರೆಸಿ. ಮೊದಲು ಒಳಭಾಗದ ಒಂದು ಮೂಲೆಯಲ್ಲಿ ಬಣ್ಣ ಬಿಡುತ್ತದಾ ಅಂತ ನೋಡಿಕೊಳ್ಳಿ. ನೆರಳಲ್ಲಿ ಒಣಗಿಸಿ, ಲೆದರ್ ಕ್ರೀಮ್ ತೆಳ್ಳಗೆ ಹಚ್ಚಿ. ಅಗಲ ಭುಜದ ಹ್ಯಾಂಗರ್‌ಗೆ ಹಾಕಿ, ಹಳೇ ಕಾಟನ್ ಸೀರೆ ಹೊದಿಸಿ ಇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊರಗೆ ತೆಗೆದು ಗಾಳಿಯಾಡಿಸಿ. ಜಿಪ್ಪಿನ ಹಲ್ಲುಗಳ ಮೇಲೆ ಮೇಣದಬತ್ತಿಯ ತುಂಡು ಉಜ್ಜಿ, ನಾಲ್ಕು ಸಲ ಮೇಲೆ ಕೆಳಗೆ ಎಳೆಯಿರಿ, ಸಲೀಸಾಗುತ್ತದೆ.