ಬಾಗಿದ ಬೆನ್ನಿಗೆ ಆಧಾರ ಯಾವುದು?

ಮುಂದಕ್ಕೆ ಪೂರ್ತಿ ಬಾಗಿದಾಗ ಬೆನ್ನಿನ ಸ್ನಾಯುಗಳು ಸಡಿಲಗೊಳ್ಳುವುದು ನಿಜವೇ, ನಿಜವಾದರೆ ಬೆನ್ನೆಲುಬು ಕುಸಿಯದೆ ಉಳಿಯುವುದು ಹೇಗೆ, ಸ್ನಾಯುಗಳನ್ನು ಸದಾ ಬಿಗಿಹಿಡಿಯುವುದೇ ಕ್ಷೇಮವಲ್ಲವೇ ಎಂದು ಓದುಗರೊಬ್ಬರು ಕೇಳಿದ್ದಾರೆ.

ಸಡಿಲಗೊಳ್ಳುವುದು ನಿಜ. 1950ರ ದಶಕದಲ್ಲಿ ಫ್ಲಾಯ್ಡ್ ಮತ್ತು ಸಿಲ್ವರ್ ಎಂಬ ಸಂಶೋಧಕರು ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿ ಇದನ್ನು ವಿವರಿಸಿದರು. ಬಾಗಲು ತೊಡಗಿದಾಗ ಬೆನ್ನೆಲುಬಿನ ಇಕ್ಕೆಲಗಳ ನೀಳ ಸ್ನಾಯುಗಳು ಮುಂಡದ ಭಾರವನ್ನು ಹಿಡಿದು ನಿಧಾನವಾಗಿ ಕೆಳಗಿಳಿಸುತ್ತವೆ. ಬಾಗುವಿಕೆ ಕೊನೆ ಮುಟ್ಟುತ್ತಿದ್ದಂತೆ ಅವುಗಳ ಚಟುವಟಿಕೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಆಗ ಹೊರೆಯನ್ನು ಹೊರುವುದು ಕಶೇರುಗಳ (ಬೆನ್ನೆಲುಬಿನ ಬಿಡಿ ಮೂಳೆಗಳ) ಹಿಂಬದಿಯ ಅಸ್ಥಿರಜ್ಜುಗಳು (ಮೂಳೆಗಳನ್ನು ಬಂಧಿಸುವ ಗಟ್ಟಿ ಪಟ್ಟಿಗಳು), ಕಶೇರುಗಳ ನಡುವಿನ ಮೆತ್ತೆಗಳಾದ ಡಿಸ್ಕ್‌ಗಳು ಮತ್ತು ಹಿಗ್ಗಿರುವ ಸ್ನಾಯುಗಳಲ್ಲೇ ಉಂಟಾಗುವ ಜಡ ಎಳೆತ, ಅಂದರೆ ಅವು ದುಡಿಯದಿದ್ದರೂ ಹುಟ್ಟುವ ಎಳೆತ. ಆಳದ ಕೆಲವು ಸ್ನಾಯುಗಳು ಆಗಲೂ ದುಡಿಯುತ್ತಿರುತ್ತವೆ, ಆದ್ದರಿಂದ ಬೆನ್ನು ನಿರಾಧಾರವಾಯಿತೆಂದು ಭಾವಿಸಬೇಕಿಲ್ಲ.

ಆದರೂ ಸ್ನಾಯುಗಳ ಪಾತ್ರವನ್ನು ಕಡೆಗಣಿಸುವಂತಿಲ್ಲ. ಮೃತದೇಹದಿಂದ ತೆಗೆದ, ಸ್ನಾಯುಗಳಿಲ್ಲದ ಸೊಂಟದ ಬೆನ್ನೆಲುಬು ಸುಮಾರು 90 ನ್ಯೂಟನ್, ಅಂದರೆ ಒಂಬತ್ತು ಕಿಲೋಗ್ರಾಂನಷ್ಟು ಹೊರೆಗೇ ಬಾಗಿ ಕುಸಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನೆಟ್ಟಗೆ ನಿಂತಾಗ ಅದರ ಮೇಲೆ ಬೀಳುವ ಮೇಲ್ದೇಹದ ತೂಕವೇ ಇದಕ್ಕಿಂತ ಎಷ್ಟೋ ಹೆಚ್ಚು. ಬೆನ್ನೆಲುಬಿನ ಸಂಶೋಧಕ ಮನೋಹರ್ ಪಂಜಾಬಿಯವರು 1992ರಲ್ಲಿ ಬೆನ್ನೆಲುಬಿನ ಸ್ಥಿರತೆಯನ್ನು ಮೂಳೆ-ರಜ್ಜುಗಳು, ಸ್ನಾಯುಗಳು ಹಾಗೂ ಇವನ್ನು ಹೊಂದಿಸುವ ನರವ್ಯವಸ್ಥೆ ಎಂಬ ಮೂರರ ಕೂಡುಕೆಲಸವೆಂದು ವಿವರಿಸಿದ್ದು ಇದನ್ನು ಅರಿಯಲು ಇಂದಿಗೂ ಉತ್ತಮ ದಾರಿ ಎಂದು ನನ್ನ ಅಭಿಪ್ರಾಯ.

ಹಾಗೆಂದು ಸದಾ ಬಿಗಿಹಿಡಿಯುವುದು ಸರಿಯಲ್ಲ. ಬೆನ್ನಿನ ಮತ್ತು ಹೊಟ್ಟೆಯ ಸ್ನಾಯುಗಳು ಒಟ್ಟಿಗೆ ಬಿಗಿದಾಗ ಬೆನ್ನೆಲುಬಿನ ದೃಢತೆ ಹೆಚ್ಚುತ್ತದೆ, ಜೊತೆಗೆ ಡಿಸ್ಕ್‌ಗಳ ಮೇಲಿನ ಒತ್ತಡವೂ ಏರುತ್ತದೆ. ಈ ಸ್ನಾಯುಗಳು ಕಶೇರುಗಳ ಕೇಂದ್ರದಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿರುವುದರಿಂದ, ಬಾಗಿದ ಮುಂಡವನ್ನು ಹಿಡಿಯಲು ಅವು ಮುಂಡದ ತೂಕದ ಹಲವು ಪಟ್ಟು ಬಲ ಹಾಕಬೇಕಾಗುತ್ತದೆ ಎಂಬುದನ್ನೂ ನೆನಪಿಡಬೇಕು. ನೆಟ್ಟಗೆ ನಿಲ್ಲಲು ಅಲ್ಪಸ್ವಲ್ಪ ಬಿಗಿತವೇ ಸಾಕು. ದೀರ್ಘಕಾಲದ ಬೆನ್ನುನೋವಿರುವ ಹಲವರಲ್ಲಿ ಪೂರ್ತಿ ಬಾಗಿದಾಗಲೂ ಸ್ನಾಯುಗಳು ಸಡಿಲಗೊಳ್ಳುವುದಿಲ್ಲ. ಇದನ್ನು ಕೇವಲ ದೋಷವೆನ್ನಲು ನಾನು ಹಿಂಜರಿಯುತ್ತೇನೆ, ಏಕೆಂದರೆ ನೋವಿರುವ ಭಾಗವನ್ನು ಕಾಪಾಡಲು ದೇಹವೇ ಹೂಡಿದ ಉಪಾಯವೂ ಅದಾಗಿರಬಹುದು.

ನಿಜಕ್ಕೂ ಎಚ್ಚರ ಬೇಕಾದದ್ದು ಬಹಳ ಹೊತ್ತು ಬಾಗಿಯೇ ಇರುವಾಗ. ಸತತ ಎಳೆತಕ್ಕೆ ಸಿಕ್ಕ ರಜ್ಜುಗಳು ಮೆಲ್ಲಮೆಲ್ಲನೆ ಹಿಗ್ಗುತ್ತವೆ, ಕೀಲುಗಳ ಬಿಗಿ ಕಡಿಮೆಯಾಗುತ್ತದೆ, ಮತ್ತು ಎದ್ದುನಿಂತ ತಕ್ಷಣ ಅದು ಪೂರ್ತಿ ಮರಳುವುದಿಲ್ಲ. ಆದ್ದರಿಂದ ಬಹಳ ಹೊತ್ತು ಬಾಗಿ ಕೆಲಸ ಮಾಡಿದವರು ಕೆಲವು ನಿಮಿಷ ನೆಟ್ಟಗೆ ನಿಂತು ಓಡಾಡಿದ ಬಳಿಕವೇ ಭಾರವಾದ ವಸ್ತುವನ್ನು ಎತ್ತುವುದು ಒಳಿತು.