ಅಥೆನ್ಸ್‌ನಲ್ಲಿ ಡಿಸ್ಕೋಬೊಲಸ್ ಅನ್ನುವ ಚಕ್ರ ಎಸೆಯುವವನ ವಿಗ್ರಹದ ಅಸಲಿ ಅಮೃತಶಿಲೆ ನಕಲು ಕೊಳ್ಳಬೇಕು, ಮೂಲದ ಹಾಗೇ ಇರಬೇಕು. ಅಮೃತಶಿಲೆ ಹೌದೋ ಅಲ್ಲವೋ ತಿಳಿಯಲು ನಿಂಬೆಹಣ್ಣು ಹಿಂಡಿ ನೋಡಿದರೆ ಸಾಕಾ?

ನಿಂಬೆಹಣ್ಣು ಅಂತ ಓದಿದ ತಕ್ಷಣ ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ಆ ನಿಂಬೆಹಣ್ಣನ್ನು ನಂಬಿ 140 ಯೂರೋ ಕಳೆದುಕೊಂಡವನು ನಾನು.

2017ರಲ್ಲಿ ಆಫೀಸ್ ಕೆಲಸದ ಮೇಲೆ ಅಥೆನ್ಸ್‌ಗೆ ಹೋಗಿದ್ದೆ. ವಾಪಸ್ ಹೊರಡುವ ಹಿಂದಿನ ದಿನ ಆಕ್ರೊಪೊಲಿಸ್ ಬುಡದ ಪ್ಲಾಕಾ ಓಣಿಗಳಲ್ಲಿ ಸುಮ್ನೆ ಸುತ್ತುತ್ತಿದ್ದಾಗ ಒಂದು ಅಂಗಡಿಯಲ್ಲಿ ಇದೇ ಡಿಸ್ಕೋಬೊಲಸ್ ಕಂಡಿತು. ಮೈ ಬಾಗಿಸಿ ಚಕ್ರ ಎಸೆಯಲು ಸಜ್ಜಾದ ಹುಡುಗ. ಒಂದಡಿ ಎತ್ತರ, ಹಾಲಿನಂಥ ಬಿಳುಪು. ‘ಗ್ರೀಕ್ ಅಮೃತಶಿಲೆ, ಕೈಯಲ್ಲೇ ಮಾಡಿದ್ದು’ ಅಂತ ಚೀಟಿ. ನಾನೂ ನಿಮ್ಮ ಹಾಗೇ ಎಲ್ಲ ಓದಿಕೊಂಡು ಹೋಗಿದ್ದವನು. ಮಧ್ಯಾಹ್ನ ಮೀನಿನ ಜೊತೆ ಕೊಟ್ಟಿದ್ದ ನಿಂಬೆ ಹೋಳನ್ನು ಟಿಶ್ಯೂನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಿದ್ದೆ! ಅಂಗಡಿಯವನನ್ನು ಕೇಳಿ, ಬುಡದಲ್ಲಿ ಬೀಗದ ಕೈಯಿಂದ ಸ್ವಲ್ಪ ಕೆರೆದು, ಎರಡು ಹನಿ ಹಿಂಡಿದೆ. ಸಣ್ಣಗೆ ನೊರೆ ಬಂತು. ಅವನು ನಕ್ಕ. ನಾನು ದುಡ್ಡು ಕೊಟ್ಟೆ.

ಮರುವರ್ಷ ಆಯುಧಪೂಜೆಗೆ ಮನೆ ಒರೆಸುವಾಗ ಅಮ್ಮನ ಕೈ ಜಾರಿ ಅದು ಬಿತ್ತು. ಚಕ್ರ ಹಿಡಿದ ತೋಳು ಭುಜದ ಹತ್ತಿರ ಮುರಿಯಿತು. ಅಮೃತಶಿಲೆ ಮುರಿದರೆ ಆ ಜಾಗ ಸಕ್ಕರೆ ಹರಳಿನ ಹಾಗೆ ಮಿನುಗಬೇಕು. ಇದು ಸೀಮೆಸುಣ್ಣದ ಹಾಗೆ ಮಂಕಾಗಿತ್ತು, ಮೇಲಾಗಿ ಸೆಟ್ ದೋಸೆಯಲ್ಲಿರುತ್ತದಲ್ಲ, ಹಾಗೆ ಪುಟ್ಟ ಪುಟ್ಟ ತೂತು. ಸೂಜಿ ಕಾಯಿಸಿ ಒತ್ತಿದೆ. ಪ್ಲಾಸ್ಟಿಕ್ ಸುಟ್ಟ ವಾಸನೆ.

ತಪ್ಪು ಎಲ್ಲಾಯಿತು ಅಂತ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹುಳಿ ಬಿದ್ದರೆ ನೊರೆ ಬರುವುದು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ. ಅಮೃತಶಿಲೆಯಲ್ಲಿ ಸಾಮಾನ್ಯವಾಗಿ ಇರುವುದು ಅದೇ. ಆದರೆ ಅಮೃತಶಿಲೆಯ ಪುಡಿಯಲ್ಲೂ ಅದೇ ಇರುತ್ತದೆ ಅಲ್ವಾ? ಕಲ್ಲಿನ ಪುಡಿಗೆ ರೆಸಿನ್ ಎಂಬ ಪ್ಲಾಸ್ಟಿಕ್ ಅಂಟು ಕಲಸಿ ರಬ್ಬರ್ ಅಚ್ಚಿಗೆ ಹೊಯ್ದು ತೆಗೆದ ಗೊಂಬೆಯನ್ನು ಕೆರೆದು ಹುಳಿ ಹಿಂಡಿದರೂ ಆ ಪುಡಿ ನೊರೆ ಕೊಡುತ್ತದೆ. ಮೊಟ್ಟೆ ಚಿಪ್ಪಿನ ಮೇಲೆ ಹಿಂಡಿದರೂ ಬರುತ್ತದೆ, ಬೇಕಾದರೆ ಈಗಲೇ ಅಡುಗೆಮನೆಗೆ ಹೋಗಿ ನೋಡಿ. ಇನ್ನೂ ತಮಾಷೆ ಅಂದರೆ, ಥಾಸೊಸ್ ದ್ವೀಪದ ಅಪ್ಪಟ ಬಿಳಿ ಅಮೃತಶಿಲೆ ಡೋಲೊಮೈಟ್ ಎಂಬ ಬೇರೆ ಖನಿಜದ್ದು, ಅದಕ್ಕೆ ನಿಂಬೆ ಹಿಂಡಿದರೆ ನೊರೆ ಕಾಣುವುದೇ ಕಷ್ಟ. ಅಂದರೆ ನನ್ನ ಪರೀಕ್ಷೆಯಲ್ಲಿ ನಕಲಿ ಪಾಸು, ಅಸಲಿ ಫೇಲು. ಚೀಟಿಯಲ್ಲೂ ಸುಳ್ಳು ಇರಲಿಲ್ಲ ಅನ್ನಬೇಕು, ಪುಡಿ ಗ್ರೀಸಿನದೇ ಇರಬಹುದು, ಹೊಯ್ದದ್ದು ಕೈಯಲ್ಲೇ ಇರಬಹುದು.

ಅದಕ್ಕಿಂತ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಅದೇ ಶೆಲ್ಫಿನಲ್ಲಿ ಅಂಥವೇ ಇನ್ನೂ ನಾಲ್ಕು ಇದ್ದವು. ಐದಕ್ಕೂ ಎಡ ಮೊಣಕಾಲಿನ ಕೆಳಗೆ ಉಗುರಿನಷ್ಟು ಉದ್ದದ ಗೀರು, ಒಂದೇ ಜಾಗದಲ್ಲಿ. ನಾನು ಅದನ್ನು ನೋಡಿದ್ದೆ. ನೋಡಿ, ‘ಅಬ್ಬ, ಗೀರನ್ನೂ ಬಿಡದೆ ಕೆತ್ತಿದ್ದಾರಲ್ಲ’ ಅಂದುಕೊಂಡೆ. ಅಚ್ಚಿನಲ್ಲಿದ್ದ ಗೀರು ಮಾರಾಯ್ರೆ ಅದು!

ಈಗ ನಿಮ್ಮ ವಿಷಯ. ‘ಮೂಲದ ಹಾಗೇ ಅಮೃತಶಿಲೆಯಲ್ಲಿ’ ಅಂದಿದ್ದೀರಿ. ಮೂಲ ಕಲ್ಲಿನದೇ ಅಲ್ಲ. ಮೈರಾನ್ ಎಂಬ ಶಿಲ್ಪಿ ಕ್ರಿ.ಪೂ. 450ರ ಸುಮಾರಿಗೆ ಅದನ್ನು ಕಂಚಿನಲ್ಲಿ ಮಾಡಿದ್ದ, ಅದು ಈಗಿಲ್ಲ. ನಾವು ಫೋಟೋದಲ್ಲಿ ನೋಡುವುದು ರೋಮನ್ನರ ಕಾಲದ ಕಲ್ಲಿನ ನಕಲುಗಳನ್ನು. ಅವುಗಳಲ್ಲಿ ಹೆಸರಾದದ್ದು 1781ರಲ್ಲಿ ರೋಮ್‌ನಲ್ಲಿ ಸಿಕ್ಕಿತು, ಈಗಲೂ ಅಲ್ಲೇ ಇದೆ. ಇನ್ನೊಂದು ಲಂಡನ್‌ನಲ್ಲಿದೆ. ಕಾಲಿನ ಹಿಂದೆ ಒಂದು ಮರದ ಮೋಟು ಕಾಣುತ್ತದಲ್ಲ, ಕಂಚಿಗೆ ಅದು ಬೇಡ. ಕಲ್ಲಿನ ಕಣಕಾಲು ಅಷ್ಟು ಭಾರ ತಡೆಯುವುದಿಲ್ಲ ಅಂತ ಕೊಟ್ಟ ಆಸರೆ ಅದು. ಹಾಗಾಗಿ ಈ ಡಿಸ್ಕೋಬೊಲಸ್ ಹುಚ್ಚು ಬಿಡಿ ಅಂತ ನಾನು ಹೇಳುವುದು. ಅಷ್ಟು ತಿರುಚಿದ ಮೈಯನ್ನು ನಿಜವಾದ ಕಲ್ಲಿನಲ್ಲಿ ಕೆತ್ತಿ ಟೂರಿಸ್ಟ್ ಅಂಗಡಿಯ ರೇಟಿಗೆ ಯಾರು ಕೊಡುತ್ತಾರೆ ಹೇಳಿ?

ಆಕಾರ ಮುಖ್ಯ ಅಂದರೆ ಅಲ್ಲಿನ ಸರ್ಕಾರಿ ಮ್ಯೂಸಿಯಂ ಅಂಗಡಿಗೆ ಹೋಗಿ ಬೇರೆ ಯಾವುದಾದರೂ ವಿಗ್ರಹದ ಪ್ಲಾಸ್ಟರ್ ನಕಲು ತನ್ನಿ. ಮೂಲದಿಂದಲೇ ಅಚ್ಚು ತೆಗೆದವು ಸಿಗುತ್ತವೆ. ಪ್ಲಾಸ್ಟರ್ ಅಂತ ಮೂಗು ಮುರಿಯಬೇಡಿ.

ಕಲ್ಲೇ ಬೇಕಾ? ಹಾಗಾದರೆ ಸೈಕ್ಲಾಡಿಕ್ ಗೊಂಬೆ. ನಾಕ್ಸೊಸ್, ಪಾರೊಸ್ ಕಡೆಯ ದ್ವೀಪಗಳಲ್ಲಿ ಸುಮಾರು 4,500 ವರ್ಷದ ಹಿಂದೆ ಅಮೃತಶಿಲೆಯಲ್ಲೇ ಮಾಡುತ್ತಿದ್ದ ಚಪ್ಪಟೆ ಹೆಣ್ಣುರೂಪ, ಹೊಟ್ಟೆಯ ಮೇಲೆ ಕೈ ಕಟ್ಟಿರುತ್ತದೆ. ಸರಳ ಆಕಾರ, ಒಬ್ಬರು ಕೂತು ಕೆತ್ತಿ ಮಾರಬಹುದಾದ್ದು. ನಾನು ಎರಡನೇ ಸಲ ಹೋದಾಗ ಹಡಗು ಹತ್ತಿ ಟಿನೊಸ್ ದ್ವೀಪದ ಪಿರ್ಗೊಸ್ ಎಂಬ ಹಳ್ಳಿಗೇ ಹೋದೆ. ಟಿನೊಸ್‌ನ ಕಲ್ಲುಕೆತ್ತನೆ 2015ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಬಾಗಿಲ ಮೇಲೆಲ್ಲ ಅಮೃತಶಿಲೆಯ ಜಾಲಂಧ್ರ. ಒಂದು ಶೆಡ್ಡಿನಲ್ಲಿ ಮೈಯೆಲ್ಲ ಬಿಳಿ ಧೂಳು ಮೆತ್ತಿಕೊಂಡ ಹಿರಿಯರೊಬ್ಬರು ಗೊಂಬೆಯ ಕುತ್ತಿಗೆಗೆ ಅರ ಉಜ್ಜುತ್ತಿದ್ದರು. ಗ್ರೈಂಡರ್ ಮಷೀನೂ ಇತ್ತು, ಮುಚ್ಚಿಡಲಿಲ್ಲ. ಗೇಣುದ್ದದ್ದಕ್ಕೆ 95 ಯೂರೋ. ಬೆನ್ನಿನ ಮೇಲೆ ಅರದ ಗೆರೆಗಳು ಈಗಲೂ ಕೈಗೆ ಸಿಗುತ್ತವೆ. ಹಾಂ, ನಕಲು ಅಂತ ಬರೆದ ಬಿಲ್ ಜೋಪಾನವಾಗಿ ಇಟ್ಟುಕೊಳ್ಳಿ, ಏರ್‌ಪೋರ್ಟ್‌ನಲ್ಲಿ ಹಳೇ ವಿಗ್ರಹ ಅಂತ ಅನುಮಾನ ಬಂದರೆ ತೋರಿಸಬೇಕಾಗುತ್ತದೆ.

ಆ ಗೊಂಬೆಯ ಮುಖದಲ್ಲಿ ಇರುವುದು ಮೂಗು ಮಾತ್ರ. ಕಣ್ಣನ್ನು ಆಗ ಬಣ್ಣದಲ್ಲಿ ಬರೆಯುತ್ತಿದ್ದರಂತೆ ಅಂತ ಅಮ್ಮನಿಗೆ ಎಷ್ಟು ಹೇಳಿದರೂ ಕೇಳುವುದಿಲ್ಲ. ‘ಈ ಸಲವೂ ನಿಂಗೆ ಅರ್ಧಂಬರ್ಧ ಮಾಡಿದ್ದನ್ನೇ ಕೊಟ್ಟು ಕಳಿಸಿದಾರೆ ನೋಡು’ ಅಂತಾರೆ.